ಪೆಟ್ಟಿಗೆಯ ಕೈ, ಮೊಟ್ಟೆಯ ಕೈ

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಕೈಗಳು. ಕೈ ಕಳೆದುಕೊಂಡವರಿಗೆ ಹೊಸ ಕೈ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಓಣಿಯ ಕೊನೆಯಲ್ಲಿ ಸಾಲಾಗಿ ಮೂರು ಕೋಣೆ, ಅಷ್ಟೆ. ಮೊದಲನೆಯದರಲ್ಲಿ ದೊಡ್ಡಪ್ಪ ಗಿರಾಕಿಗಳ ತೋಳಿನ ಅಚ್ಚು ತೆಗೆದು, ಬೆರಳಿನ ಕೀಲುಗಳಿಗೆ ಎಣ್ಣೆ ಬಿಟ್ಟು, ಮೇಲೆ ರಬ್ಬರಿನ ಚರ್ಮ ಹೊದಿಸುತ್ತಿದ್ದ. ನಡುವಿನದು ಅಭ್ಯಾಸದ ಕೋಣೆ. ಕೊನೆಯದರಲ್ಲಿ ಅವನ ತಮ್ಮನ ಕಿರಿ ಮಗಳು ಕೂತು, ಆ ಕೈಗಳು ಯಾವಾಗ ಮುಚ್ಚಬೇಕು, ಎಷ್ಟು ಬಿಗಿಯಬೇಕು, ಯಾವಾಗ ಬಿಡಬೇಕು ಎಂಬುದನ್ನೆಲ್ಲ ಕಂಪ್ಯೂಟರಿನ ಭಾಷೆಯಾದ ಪೈಥಾನ್‌ನಲ್ಲಿ ಬರೆಯುತ್ತಿದ್ದಳು. ಬೆಳಗಾದರೆ ಕೀಲಿಮಣೆಯ ಮುಂದೆ ಕೂತವಳು ಸಂಜೆಗೇ ಏಳುತ್ತಾಳೆಂದು ದೊಡ್ಡಪ್ಪ ಅವಳಿಗೆ ಕೀಲಿಮಣಿ ಎಂದು ಹೆಸರಿಟ್ಟಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗಷ್ಟೇ ಗೊತ್ತಿತ್ತು.

ಕೀಲಿಮಣಿಗೆ ಯಾರ ಮೇಲೂ ಹೆಚ್ಚು ಪ್ರೀತಿಯಿಲ್ಲ, ಹೆಚ್ಚು ಸಿಟ್ಟೂ ಇಲ್ಲ ಎಂದು ಮನೆಯವರು ಹೇಳುತ್ತಿದ್ದರು. ಅವರು ಹೇಳುತ್ತಿದ್ದದ್ದು ದೂರು. ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಹೊಗಳಿಕೆ. ಬಂದವರು ಯಾರಾದರೇನು, ಕೈ ಕೈಯೇ. ತನ್ನವರು ಪರರು ಎಂದು ನೋಡುತ್ತಾ ಹೋದರೆ ಕೆಲಸ ಕೆಡುತ್ತದೆ ಎಂದು ಅವಳು ನಂಬಿದ್ದಳು, ಅಲ್ಲಿಯವರೆಗೆ ಅದು ಕೆಟ್ಟೂ ಇರಲಿಲ್ಲ.

ಮೊದಮೊದಲು ಅವಳು ಬರೆದದ್ದೆಲ್ಲ ಬಿಡಿ ಫಂಕ್ಷನ್‌ಗಳು. ಹಿಡಿ ಎಂಬುದೊಂದು, ಬಿಡು ಎಂಬುದೊಂದು, ತಿರುಗು ಎಂಬುದೊಂದು. ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಬರೆದಿಟ್ಟ ಅಪ್ಪಣೆ, ಕ್ಷೌರಿಕನ ಹಾಗೆ: ಕೆಲಸ ಚೆನ್ನಾಗಿ ಬಲ್ಲದು, ಆದರೆ ತಲೆಯನ್ನು ತಂದು ಮುಂದೆ ಕೂರಿಸಬೇಕು. ಹಿಡಿ ಎಂದು ಕರೆದಾಗಲೆಲ್ಲ ಯಾವ ಕೈ, ಯಾವ ವಸ್ತು ಎಂದು ಎರಡನ್ನೂ ಹೇಳಿಕೊಡಬೇಕಾಗಿತ್ತು. ಒಂದು ದಿನ ಅವಳು ಕೈಯ ಹೆಸರನ್ನು ತಪ್ಪಾಗಿ ಕೊಟ್ಟಳು. ಮೇಜಿನ ಮೇಲಿದ್ದ ಕೈ ಸುಮ್ಮನಿತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದ ಇನ್ನೊಂದು ಕೈ ಗಬಕ್ಕನೆ ಮುಚ್ಚಿಕೊಂಡು, ಅದರ ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನ ಕನ್ನಡಕದ ದಾರವನ್ನು ಹಿಡಿದುಕೊಂಡಿತು. ಅವಳು ಬಂದು ಬಿಡಿಸುವವರೆಗೆ ದೊಡ್ಡಪ್ಪ ಕಟ್ಟಿಹಾಕಿದ ಕರುವಿನ ಹಾಗೆ ಅಲ್ಲೇ ನಿಂತಿದ್ದ.

"ಇದು ನಿನ್ನ ಕೈ ಅಂತ ನಂಗೆ ದಿನಾ ಯಾರಾದ್ರೂ ಹೇಳಿಕೊಡ್ತಾರೇನೆ?" ಎಂದ ಆಮೇಲೆ. "ಯಾವ ಕೈ ಅಂತ ಆ ಕೈಗೇ ಗೊತ್ತಿರಬೇಕು."

ಮಾತು ಸರಿಯಾಗಿಯೇ ಇತ್ತು. ಅವಳು ಎಲ್ಲವನ್ನೂ ಕೈ ಎಂಬ ಒಂದು ಕ್ಲಾಸಿನೊಳಗೆ ತಂದಳು. ಕ್ಲಾಸ್ ಎಂದರೆ ಅಚ್ಚು. ಅದರಿಂದ ಎಷ್ಟು ಕೈಗಳನ್ನು ಬೇಕಾದರೂ ತೆಗೆಯಬಹುದು. ಅಚ್ಚಿನೊಳಗೆ ಬರೆದ ಅದೇ ಫಂಕ್ಷನ್ನನ್ನು, ಆ ಅಚ್ಚಿನಿಂದ ಬಂದ ಒಂದು ಕೈಯ ಮೂಲಕ ಕರೆದರೆ ಅದು ಮೆಥಡ್. ಆಗ ಯಾವ ಕೈ ಎಂದು ಹೇಳುವ ಕೆಲಸವೇ ಇಲ್ಲ. ಕರೆದ ಕೈಯೇ ಸೆಲ್ಫ್ ಎಂಬ ಹೆಸರಿನಲ್ಲಿ, ಅಂದರೆ ತಾನು ಎಂದುಕೊಂಡು, ಮೊದಲ ಜಾಗದಲ್ಲಿ ಹೋಗಿ ಕೂರುತ್ತದೆ. ಕ್ಷೌರಿಕನಿಗೆ ತಲೆ ತೋರಿಸಬೇಕು ನಿಜ. ಹಲ್ಲುಜ್ಜಿಕೊಳ್ಳುವವನಿಗೆ ಯಾರ ಹಲ್ಲು ಎಂದು ಹೇಳಿಕೊಡುವವರುಂಟೆ? ಇನ್ನು ಮೇಲೆ ಏನನ್ನು ಹಿಡಿಯಬೇಕು ಎಂದಷ್ಟೇ ಹೇಳಿದರೆ ಸಾಕಾಗಿತ್ತು. ಕೀಲಿಮಣಿ ಬರೆದು ಮುಗಿಸಿ, ಒಂದು ಕೈಯನ್ನು ಜೋಡಿಸಿ ನೋಡಿದಳು. ಹೇಳಿದ ಹಾಗೆ ಕೇಳಿತು. ಅವಳು ಪರೀಕ್ಷೆ ಮಾಡಿದ್ದು ಒಂದೇ ಕೈಯನ್ನು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಅಭ್ಯಾಸದ ಕೋಣೆಯಲ್ಲಿ ಎದುರುಬದುರಾಗಿ ಎರಡು ಕುರ್ಚಿ, ನಡುವೆ ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ಕಂಪ್ಯೂಟರು, ಅದರ ಪಕ್ಕದಲ್ಲಿ ಏನಾದರೂ ಎಡವಟ್ಟಾದರೆ ಒತ್ತಲು ಒಂದು ಕೆಂಪು ಗುಂಡಿ. ಹೊಸ ಕೈ ಹಾಕಿಸಿಕೊಂಡವರು ಅಲ್ಲಿ ಬಂದು ದಿನವೂ ಹಿಡಿಯುವುದನ್ನು, ಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು. ಯಾವ ವಸ್ತುವಿಗೆ ಎಷ್ಟು ಬಿಗಿ ಬೇಕಾಯಿತು ಎಂಬುದನ್ನು ಕಂಪ್ಯೂಟರು ಸೇರಿಸಿಟ್ಟುಕೊಂಡು, ಮುಂದಿನ ಹಿಡಿತವನ್ನು ಅದರ ಮೇಲೆ ಅಳೆಯುತ್ತಿತ್ತು. ಇದಕ್ಕೆ ಕೀಲಿಮಣಿ ಇಟ್ಟ ಹೆಸರೂ ರೂಢಿ ಎಂದೇ. ಸಂಜೆ ಅವರು ಹೊರಡುವಾಗ ಅಲ್ಲಿಯವರೆಗಿನ ರೂಢಿಯನ್ನು ಅವರ ಕೈಯೊಳಗೆ ತುಂಬಿ ಕಳಿಸುತ್ತಿದ್ದಳು.

ಆಗ ಅಭ್ಯಾಸಕ್ಕೆ ಬರುತ್ತಿದ್ದವರು ಇಬ್ಬರು. ಒಬ್ಬ ಅವಳ ಭಾವನೇ, ಅಕ್ಕನ ಗಂಡ. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ಕಸುಬು. ಮೆಟ್ಟಿಲಲ್ಲಿ ಕಬ್ಬಿಣದ ಬೀರು ಜಾರಿ ಬಲಗೈಯನ್ನು ಗೋಡೆಗೆ ಅರೆದು ಹಾಕಿತ್ತು. ಇನ್ನೊಬ್ಬಳು ಮೊಟ್ಟೆಯಮ್ಮ. ಸಗಟು ಮೊಟ್ಟೆಯ ಮಳಿಗೆಯಲ್ಲಿ ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ರಕ್ತದ ಚುಕ್ಕೆಯೋ ಸೀಳೋ ಇದೆಯೇ ಎಂದು ನೋಡಿ ವಿಂಗಡಿಸುವುದು ಅವಳ ಕೆಲಸ. ಅವಳ ಬಲಗೈಯನ್ನು ತಿಂದದ್ದು ಆ ಮಳಿಗೆಯದೇ ಮೊಟ್ಟೆ ಸಾಗಿಸುವ ಯಂತ್ರದ ಬೆಲ್ಟು. ಅದಕ್ಕಾಗಿ ಮಳಿಗೆಯವರು ಅವಳ ಜಾಗವನ್ನು ಒಂದಿಷ್ಟು ಕಾಲ ಖಾಲಿ ಇಟ್ಟಿದ್ದರು. ಇನ್ನು ಇಡುವುದಿಲ್ಲ, ಬರುವ ಸೋಮವಾರ ಬಂದು ಮೇಜಿಗೆ ಕೂರಬೇಕು, ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಈಗ ಹೇಳಿ ಕಳಿಸಿದ್ದರು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಮೊಟ್ಟೆಯಮ್ಮ ಮೊಟ್ಟೆ ಎತ್ತುತ್ತಿದ್ದಳು, ಅದು ಒಡೆಯುತ್ತಿತ್ತು. ಒರೆಸಿ ಇನ್ನೊಂದು ಎತ್ತುತ್ತಿದ್ದಳು. ಹಳದಿ ಲೋಳೆ ರಬ್ಬರು ಬೆರಳುಗಳ ಸಂದಿಯಲ್ಲಿ ಇಳಿದು ಒಣಗುತ್ತಿತ್ತು, ದೊಡ್ಡಪ್ಪ ಗೊಣಗುತ್ತಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕುತ್ತಿದ್ದ. ಕೀಲಿಮಣಿ ಪರದೆಯನ್ನು ಮೇಲಿಂದ ಕೆಳಗೆ ನೋಡಿ, ಕೈಯಲ್ಲಿ ದೋಷವಿಲ್ಲ ಎಂದಳು. ನಿಮ್ಮ ಭಯ ಕೈಗೆ ಇಳಿಯುತ್ತಿದೆ, ಹೆದರಿದವರು ಬಿಗಿಯಾಗಿ ಹಿಡಿಯುತ್ತಾರೆ, ಹೆದರಬೇಡಿ ಎಂದು ಬುದ್ಧಿಯನ್ನೂ ಹೇಳಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಹಾಕಿದವಳೇ ಕುಣಿಯುವವಳ ಕಾಲು ಡೊಂಕು ಎಂದಳು. ಮೊಟ್ಟೆಯಮ್ಮ ಓದಿದವಳ ಮಾತನ್ನು ನಂಬಿದಳು. ಮೊಟ್ಟೆ ಎತ್ತುವ ಮುನ್ನ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವುದನ್ನು ಕಲಿತಳು. ಮೊಟ್ಟೆ ಆಗಲೂ ಒಡೆಯಿತು.

ಎದುರು ಕುರ್ಚಿಯಲ್ಲಿ ಭಾವನದು ಬೇರೆಯೇ ಕಥೆ. ಅವನು ಮರಳು ತುಂಬಿದ ಪೆಟ್ಟಿಗೆಗಳನ್ನು ಎತ್ತಿ ಇಡುತ್ತಿದ್ದ. ಹೆಚ್ಚು ಮಾತಿನ ಮನುಷ್ಯನಲ್ಲ. ಹೇಗಿದೆ ಭಾವ ಎಂದರೆ ಪರವಾಗಿಲ್ಲ ಎನ್ನುತ್ತಿದ್ದ. ಮೊದಲು ಆ ಹೊಸ ಕೈಯನ್ನು ಕಳ್ಳಮಾಲಿನ ಹಾಗೆ ಜೇಬಿನಲ್ಲಿ ಅಡಗಿಸಿಕೊಂಡು ಓಡಾಡುತ್ತಿದ್ದವನು ಈಚೆಗೆ ಹೊರಗೆ ಬಿಟ್ಟುಕೊಂಡು ನಡೆಯುತ್ತಿದ್ದ. ಒಂದು ದಿನ ಅಕ್ಕ ಫೋನು ಮಾಡಿ, ಆ ವಿಷಯ ಈ ವಿಷಯ ಎಂದು ಅರ್ಧ ಗಂಟೆ ಸುತ್ತಾಡಿ, ಕೊನೆಗೆ ಹೇಳಬೇಕಾದದ್ದನ್ನು ಹೇಳಿದಳು. "ರಸ್ತೆ ದಾಟೋವಾಗ ಕೈ ಹಿಡ್ಕೊಂಡ್ರು ಕಣೆ. ಆ ಕೈಯಲ್ಲೇ. ಒಂಚೂರೂ ನೋವಾಗ್ಲಿಲ್ಲ." ಕೀಲಿಮಣಿ ಒಳ್ಳೆಯದಾಯಿತು ಎಂದಳು. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅವಳ ಮುಖದಲ್ಲಿ ನಗುವಿತ್ತು. ಅದು ಕೆಲಸ ಚೆನ್ನಾಗಿ ಆದದ್ದಕ್ಕೆ ಬಂದ ನಗು ಎಂದೇ ಅವಳು ಅಂದುಕೊಂಡಳು.

ಆ ವಾರದ ನಡುವೆ ಒಂದು ದಿನ ಭಾವ ಬೆಳಿಗ್ಗೆಯೇ ಬಂದು, ಮತ್ತೆ ಕೆಲಸಕ್ಕೆ ಹೋಗುವ ಹುರುಪಿನಲ್ಲಿ ಮಧ್ಯಾಹ್ನದವರೆಗೆ ಒಂದೇ ಸಮನೆ ಅತಿ ಭಾರದ ಪೆಟ್ಟಿಗೆಗಳನ್ನು ಎತ್ತಿದ. ಅವನು ಊಟಕ್ಕೆಂದು ಎದ್ದು ಹೋದ ಮೇಲೆ ಮೊಟ್ಟೆಯಮ್ಮ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ಚೀಲ ಕೆಳಗಿಟ್ಟು, ಕೈಯನ್ನು ಕಂಪ್ಯೂಟರಿಗೆ ಜೋಡಿಸಿಕೊಂಡು, ಬಸ್ಸು ಸಿಗದಿದ್ದುದರ ಬಗ್ಗೆ ಏನೋ ಹೇಳುತ್ತಾ ನೀರು ಕುಡಿಯಲು ಕಾಗದದ ಲೋಟವನ್ನು ಎತ್ತಿಕೊಂಡಳು. ಲೋಟ ಚಪ್ಪಟೆಯಾಗಿ ನೀರೆಲ್ಲ ಮಡಿಲಿಗೆ ಸುರಿಯಿತು.

ಕೀಲಿಮಣಿ ಎಂದಿನ ಮಾತನ್ನು ಹೇಳಲು ಬಾಯಿ ತೆರೆದಳು. ಮೊಟ್ಟೆಯಮ್ಮ ಚಪ್ಪಟೆಯಾದ ಲೋಟವನ್ನೇ ನೋಡುತ್ತಿದ್ದಳು.

"ನಾನಿನ್ನೂ ಹೆದರೇ ಇಲ್ಲ," ಎಂದಳು. "ಈಗ ತಾನೇ ಬಂದೆ. ಹೆದರೋಕೆ ಹೊತ್ತಾದರೂ ಬೇಕಲ್ವಾ?"

ಆಮೇಲೆ ಅವಳು ಕೈಯನ್ನು ಕಳಚಿ ಮೇಜಿನ ಮೇಲೆ ಇಟ್ಟಳು. ಇದು ತನಗೆ ಒಗ್ಗುವುದಲ್ಲ, ನೀವೇ ಇಟ್ಟುಕೊಳ್ಳಿ ಎಂದು ಸಮಾಧಾನವಾಗಿಯೇ ಹೇಳಿ ಚೀಲ ತೆಗೆದುಕೊಂಡಳು. ನಾಳೆ ಒಂದು ದಿನ ಮಾತ್ರ ಬನ್ನಿ ಎಂದು ಕೀಲಿಮಣಿ ಕೇಳಿಕೊಂಡಳು. ಮೊಟ್ಟೆಯಮ್ಮ ನೋಡೋಣ ಎಂದು ಬಾಗಿಲು ದಾಟಿದಳು.

ಕೀಲಿಮಣಿ ಕೊನೆಯ ಕೋಣೆಗೆ ಹೋಗಿ ಕೂತಳು. ಈ ಕೈ ಬೆಳಿಗ್ಗೆಯಿಂದ ಏನನ್ನೂ ಮುಟ್ಟಿಲ್ಲ. ಮತ್ತೆ ಇಷ್ಟು ಬಿಗಿಯನ್ನು ಇದು ಕಲಿತದ್ದು ಎಲ್ಲಿಂದ? ಬೆಳಿಗ್ಗೆ ಬಿಗಿದದ್ದು ಯಾರು? ಹಾಗೆ ಕೇಳಿಕೊಂಡದ್ದೇ ತಡ, ಬರೆದದ್ದನ್ನು ಮೊದಲಿನಿಂದ ತೆರೆದು ನೋಡಿದಳು. ಹಿಡಿ, ಬಿಡು, ತಿರುಗು ಎಲ್ಲವೂ ಮೆಥಡ್‌ಗಳಾಗಿದ್ದವು, ಎಲ್ಲದರಲ್ಲೂ ತಾನು ಎಂಬುದು ಮೊದಲ ಜಾಗದಲ್ಲಿ ಕೂತಿತ್ತು. ರೂಢಿಯೊಂದು ಮಾತ್ರ ಹಳೆಯ ಫಂಕ್ಷನ್‌ಗಳ ಕಾಲದಲ್ಲಿ ಇದ್ದ ಹಾಗೆಯೇ ಅಚ್ಚಿನ ನೆತ್ತಿಯ ಮೇಲೆ, ಯಾವ ಕೈಯದೂ ಅಲ್ಲದೆ, ಎಲ್ಲ ಕೈಗಳದೂ ಆಗಿ ಉಳಿದುಕೊಂಡಿತ್ತು. ಅದರ ಮುಂದೆ ಸೆಲ್ಫ್ ಎಂಬ ಒಂದು ಪದ ಬರೆಯುವುದನ್ನು ಅವಳು ಮರೆತಿದ್ದಳು. ಕೆಲಸ ಮಾಡುವುದು ಯಾವ ಕೈ ಎಂದು ಪ್ರತಿ ಕೈಗೂ ಗೊತ್ತಿತ್ತು. ನೆನಪು ಮಾತ್ರ ಎಲ್ಲರಿಗೂ ಒಂದೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ. ಭಾವ ಪೆಟ್ಟಿಗೆ ಎತ್ತಿದರೆ ಮೊಟ್ಟೆಯಮ್ಮನ ಮೊಟ್ಟೆ ಒಡೆಯುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಅರ್ಧವೂ ಕೀಲಿಮಣಿಗೆ ಹೊಳೆಯಿತು. ಭಾವ ಒಂದು ಪೆಟ್ಟಿಗೆ ಎತ್ತುವ ಹೊತ್ತಿಗೆ ಮೊಟ್ಟೆಯಮ್ಮ ಹತ್ತಾರು ಮೊಟ್ಟೆಗಳನ್ನು ಎತ್ತಲು ನೋಡಿರುತ್ತಿದ್ದಳು, ಒಂದೊಂದು ಒಡೆದಾಗಲೂ ಬಿಗಿ ಇನ್ನೂ ಕಡಿಮೆ ಬೇಕು ಎಂದು ಕಂಪ್ಯೂಟರು ಬರೆದುಕೊಳ್ಳುತ್ತಿತ್ತು. ಆ ಎಲ್ಲ ಮೆದು ಹಿಡಿತವೂ ಅದೇ ರೂಢಿಗೆ ಸೇರಿ, ಸಂಜೆ ಭಾವನ ಕೈಯಲ್ಲಿ ಕೂತು ಅಕ್ಕನ ಮನೆಗೆ ಹೋಗುತ್ತಿತ್ತು. ರಸ್ತೆ ದಾಟುವಾಗ ಅಕ್ಕನಿಗೆ ನೋವಾಗದೆ ಹೋದದ್ದು ಆ ಮೊಟ್ಟೆಗಳಿಂದ.

ಅಂದು ಸಂಜೆ ಅಕ್ಕನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಮಧ್ಯಾಹ್ನ ಎದ್ದು ಹೋದ ಭಾವ ಮತ್ತೆ ಅಭ್ಯಾಸಕ್ಕೆ ಬಂದಿರಲಿಲ್ಲ, ಅವನ ಕೈಯಲ್ಲಿ ಇನ್ನೂ ಹಿಂದಿನ ಸಂಜೆ ತುಂಬಿಸಿಕೊಂಡ ರೂಢಿಯೇ ಇತ್ತು. ಬಾಣಲೆ ತಾಗಿ ಅಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಭಾವ ತನ್ನ ಹೊಸ ಕೈಯಿಂದ ಅವಳ ಅಂಗೈಯನ್ನು ದೀಪದ ಕಡೆ ತಿರುಗಿಸಿ ನೋಡಿ, ಮುಲಾಮು ಹಚ್ಚು ಎಂದ. ಅಕ್ಕ ಆ ರಬ್ಬರು ಬೆರಳುಗಳ ಕಡೆ ನೋಡಲೇ ಇಲ್ಲ. ಅದು ಗಂಡನ ಕೈ, ನೋಡುವುದೇನಿದೆ ಎಂಬಂತೆ ಮಾತು ಮುಂದುವರಿಸಿದಳು. ಕೀಲಿಮಣಿ ಅರ್ಧ ಊಟದಲ್ಲೇ ಎದ್ದಳು.

ಬೇರೆ ದಾರಿ ಇದೆಯೇ ಎಂದು ಮನೆಗೆ ನಡೆಯುತ್ತಾ ಯೋಚಿಸಿದಳು. ಕಲಸಿದ ರೂಢಿಯನ್ನು ಭಾವನಿಗೇ ಬಿಟ್ಟು ಮೊಟ್ಟೆಯಮ್ಮನಿಗೆ ಹೊಸದನ್ನು ಕೊಡಬಹುದು. ಆದರೆ ಭಾವ ನಾಳೆ ಮೆಟ್ಟಿಲಲ್ಲಿ ಬೀರು ಹಿಡಿದು ನಿಂತಾಗ ಕೆಳಗಿನ ಮೆಟ್ಟಿಲಲ್ಲಿ ಇನ್ನೊಬ್ಬನಿರುತ್ತಾನೆ. ಮೊಟ್ಟೆ ಹಿಡಿದ ಹಾಗೆ ಬೀರು ಹಿಡಿದರೆ ಅವನ ಗತಿ? ಇಬ್ಬರ ರೂಢಿಯನ್ನು ಬೇರ್ಪಡಿಸೋಣವೆಂದರೆ ಯಾವುದು ಯಾರದು ಎಂದು ಎಲ್ಲೂ ಗುರುತಿರಲಿಲ್ಲ. ಹಾಲಿಗೆ ಬೆರೆತ ನೀರು. ಸುಮ್ಮನಿದ್ದರೆ? ಮೊಟ್ಟೆಯಮ್ಮ ತಾನಾಗಿಯೇ ಕೈ ಬಿಟ್ಟು ಹೋಗಿದ್ದಾಳೆ, ತಪ್ಪು ತನ್ನದೇ ಎಂದು ನಂಬಿದ್ದಾಳೆ, ಯಾರೂ ಕೇಳುವವರಿಲ್ಲ. ಆ ಯೋಚನೆ ಬಂದದ್ದಕ್ಕೆ ಕೀಲಿಮಣಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಯಾರ ಕೈಯಾದರೇನು ಎನ್ನುತ್ತಿದ್ದವಳು ಈಗ ಅಕ್ಕನ ಅಂಗೈಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ತೂಗುತ್ತಿದ್ದಳು.

ಬೆಳಿಗ್ಗೆ ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಕೀಲಿಗೆ ಎಣ್ಣೆ ಬಿಡುತ್ತಾ ಪೂರ್ತಿ ಕೇಳಿಸಿಕೊಂಡು, ಅಡ್ಡಗೋಡೆಯ ಮೇಲೆ ದೀಪ ಇಡಬೇಡ, ಇಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಹೇಳು ಎಂದ.

ಮೊಟ್ಟೆಯಮ್ಮ ಬಂದಳು. ಇಬ್ಬರೂ ತಮ್ಮ ತಮ್ಮ ಕುರ್ಚಿಯಲ್ಲಿ ಕೂತರು. ಕೀಲಿಮಣಿ ನಿಂತುಕೊಂಡೇ ಹೇಳಿದಳು: ಎರಡು ಕೈ, ನೆನಪು ಒಂದೇ, ತಪ್ಪು ತನ್ನದು, ಸರಿ ಮಾಡಿದರೆ ಇಬ್ಬರೂ ಮೊದಲಿನಿಂದ ಕಲಿಯಬೇಕು.

"ನೀವು ನನ್ನನ್ನ ಹೆದರುಪುಕ್ಕಲಿ ಅಂದ್ರಿ," ಎಂದಳು ಮೊಟ್ಟೆಯಮ್ಮ. "ನಾನು ಹಾಗೇ ಅಂತ ನಂಬಿಬಿಟ್ಟಿದ್ದೆ. ಮನೇಲಿ ಮಕ್ಕಳನ್ನ ಎತ್ಕೊಳ್ಳೋದು ಬಿಟ್ಟಿದ್ದೆ, ಎಡಗೈಯಲ್ಲೂ."

ಕೀಲಿಮಣಿ ತಪ್ಪಾಯಿತು ಎಂದಳು, ಆ ಪದ ಆ ಕೋಣೆಯಲ್ಲಿ ತೀರಾ ಚಿಕ್ಕದಾಗಿ ಕೇಳಿಸಿತು.

ಭಾವ ತನ್ನ ಕೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದ. "ಪೆಟ್ಟಿಗೆ ಜಾರ್ತಾ ಇತ್ತು," ಎಂದ. "ನಂಗೊತ್ತಿತ್ತು."

"ಹೇಳಬಾರದಿತ್ತಾ ಭಾವ?"

"ಹೇಳಿದ್ರೆ ನೀನು ಸರಿ ಮಾಡಿಬಿಡ್ತಿದ್ದೆ."

ಅವಳು ಸರಿ ಮಾಡಿದಳು. ಒಂದು ಪದದ ಕೆಲಸ. ಬೆರಳು ಮಡಚಿ ಬಿಚ್ಚುವಷ್ಟರಲ್ಲಿ ಆಯಿತು. ಮೊಟ್ಟೆಯಮ್ಮ ಖಾಲಿ ಕೈಯಿಂದ ಶುರುಮಾಡಿ, ಆ ದಿನವೆಲ್ಲ ಬೆಣಚುಕಲ್ಲು ಎತ್ತಿದಳು, ಹತ್ತಿಯ ಉಂಡೆ ಎತ್ತಿದಳು, ಮರುದಿನ ಮೊಟ್ಟೆಗೆ ಬಂದಳು. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವುದನ್ನು ಬಿಟ್ಟಳು. ಶನಿವಾರದ ಹೊತ್ತಿಗೆ ಅವಳು ಮಾತಾಡುತ್ತಾ, ನೋಡದೆಯೇ, ಮೊಟ್ಟೆಯನ್ನು ದೀಪಕ್ಕೆ ಹಿಡಿದು ತಿರುಗಿಸಿ ತಟ್ಟೆಗೆ ಇಡುತ್ತಿದ್ದಳು. ದೊಡ್ಡಪ್ಪ ಬ್ರಷ್ಷನ್ನು ತೊಳೆದು ಕಿಟಕಿಯಲ್ಲಿ ಇಟ್ಟ.

ಸೋಮವಾರ ಸಂಜೆ ಅವಳು ಕೆಲಸ ಮುಗಿಸಿಕೊಂಡು ಬಂದು ಬಾಗಿಲಲ್ಲೇ ನಿಂತಳು. ಜಾಗ ಉಳಿಯಿತು ಎಂದಳು. ಕೆಲವು ಒಡೆದವು, ಎರಡು ಕೈ ಇದ್ದವರೂ ಅಷ್ಟು ಒಡೆಯುತ್ತಾರೆ ಎಂದಳು. ಒಳಗೆ ಬನ್ನಿ ಎಂದರೆ ಬರಲಿಲ್ಲ.

ಭಾವನ ಕೈಯೂ ತನ್ನ ಪಾಠವನ್ನು ಚೆನ್ನಾಗಿಯೇ ಕಲಿಯಿತು. ಪೆಟ್ಟಿಗೆ ಜಾರುವುದು ನಿಂತಿತು. ಅವನು ಹೊಸ ಹಿಡಿತವನ್ನು ತುಂಬಿಸಿಕೊಂಡು ಮನೆಗೆ ಹೋಗಿ, ಬಾಗಿಲ ಹಿಡಿಯನ್ನು ಹಿಡಿದ ರಭಸಕ್ಕೆ ಅದು ಸೊಟ್ಟಗಾಯಿತು. ಅಂದಿನಿಂದ ಕೈ ಮತ್ತೆ ಜೇಬು ಸೇರಿತು. ಅಕ್ಕ ನಾಲ್ಕಾರು ದಿನ ತಾಳಿಕೊಂಡು ನೋಡಿದಳು. ಆಮೇಲೆ ಒಂದು ಮಧ್ಯಾಹ್ನ, ಅವನು ಪೆಟ್ಟಿಗೆ ಎತ್ತುತ್ತಿರುವಾಗಲೇ, ಅಭ್ಯಾಸದ ಕೋಣೆಗೆ ಬಂದಳು.

"ಸರಿ ಮಾಡಿದೆಯಂತೆ," ಎಂದಳು ತಂಗಿಗೆ. "ಯಾರಿಗೆ ಸರಿ?"

ಕೀಲಿಮಣಿ ವಿವರಿಸಿದಳು. ಮೊದಲಿನ ಹಿಡಿತ ಭಾವನದಲ್ಲ, ಇನ್ನೊಬ್ಬರದು ತಪ್ಪಿ ಬಂದು ಸೇರಿತ್ತು, ಈಗ ಇರುವುದಷ್ಟೇ ಅವರ ಸ್ವಂತದ್ದು ಎಂದಳು. ಹೇಳುತ್ತಾ ಹೇಳುತ್ತಾ ಆ ಮಾತು ಎಷ್ಟು ಕ್ರೂರವಾಗಿದೆ ಎಂದು ಅವಳಿಗೇ ಕೇಳಿಸಿ ನಿಲ್ಲಿಸಿದಳು. ಭಾವ ನೆಲ ನೋಡುತ್ತಿದ್ದ.

ಅಕ್ಕ ಕೋಣೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು. ಗೋಡೆಯ ಪಕ್ಕ ಮರಳಿನ ಪೆಟ್ಟಿಗೆಗಳು, ಪೆಟ್ಟಿಗೆಗಳು, ಇನ್ನೂ ಪೆಟ್ಟಿಗೆಗಳು.

"ಇವರ ಕೈಗೆ ಇಲ್ಲಿ ಬೇರೆ ಏನಾದ್ರೂ ಹಿಡಿಯೋಕೆ ಕೊಟ್ಟಿದ್ದೀರಾ?" ಎಂದು ಕೇಳಿದಳು.

ಕೊಟ್ಟಿರಲಿಲ್ಲ. ಸಾಮಾನು ಹೊರುವವನಿಗೆ ಸಾಮಾನು ಎಂದು ಕೀಲಿಮಣಿ ಅಂದುಕೊಂಡಿದ್ದಳು. ಅವನೂ ಬೇರೆ ಏನನ್ನೂ ಕೇಳಿರಲಿಲ್ಲ.

ಅಕ್ಕ ಮೊಟ್ಟೆಯಮ್ಮನ ಖಾಲಿ ಕುರ್ಚಿಯಲ್ಲಿ ಕೂತು, ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ತನ್ನ ಕೈಯನ್ನು ಮೇಜಿನ ಮೇಲೆ ಚಾಚಿದಳು. ಬೊಬ್ಬೆ ಒಣಗಿ ಅಲ್ಲಿ ಕಂದು ಕಲೆಯಿತ್ತು. ಬೇಡ ಎಂದ ಭಾವ. ಮೊದಲು ಹತ್ತಿ, ಆಮೇಲೆ ಮೊಟ್ಟೆ, ಹೀಗೆ ಹಂತಹಂತವಾಗಿ ಹೋಗೋಣ ಎಂದಳು ಕೀಲಿಮಣಿ. ಅಕ್ಕ ಕೈ ತೆಗೆಯಲಿಲ್ಲ.

ಕೀಲಿಮಣಿ ಒಂದು ಕೈಯ ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟುಕೊಂಡು ಇನ್ನೊಂದರಿಂದ ಹಿಡಿ ಎಂಬ ಮೆಥಡ್ಡನ್ನು ಕರೆದಳು. ಹಿಡಿಯುವುದು ಯಾರು ಎಂದು ಪರದೆ ಕೇಳಲಿಲ್ಲ. ಯಾವ ವಸ್ತು ಎಂದಷ್ಟೇ ಕೇಳಿತು. ಪೆಟ್ಟಿಗೆ, ಲೋಟ, ಕಲ್ಲು, ಮೊಟ್ಟೆ ಎಂದು ಅವಳು ಬರೆದಿಟ್ಟ ಹೆಸರುಗಳಲ್ಲಿ ಇದು ಇರಲಿಲ್ಲ. ಅಕ್ಕನ ಕೈ ಎಂದು ಹೊಸದಾಗಿ ಟೈಪು ಮಾಡಿದಳು.

ರಬ್ಬರು ಬೆರಳುಗಳು ಮುಚ್ಚಿಕೊಂಡವು. ಅಕ್ಕನ ಮುಖ ಬಿಳಿಚಿತು. ಕೀಲಿಮಣಿ ಗುಂಡಿ ಒತ್ತಿದಳು, ಬೆರಳುಗಳು ಬಿಚ್ಚಿಕೊಂಡವು. ಅಕ್ಕನ ಗೆಣ್ಣುಗಳ ಮೇಲೆ ಕೆಂಪು ಬರೆಗಳು ಎದ್ದಿದ್ದವು. ಭಾವ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಜೇಬು ಹುಡುಕುತ್ತಿದ್ದ.

"ಬಿಗಿ ಎಷ್ಟು ಹೆಚ್ಚಾಯ್ತು ಅಂತ ಬರ್ಕೊಂಡ್ತಾ ಅದು?" ಎಂದು ಅಕ್ಕ ತಂಗಿಯನ್ನು ಕೇಳಿದಳು.

"ಬರ್ಕೊಂಡಿದೆ."

"ಹಾಗಾದ್ರೆ ಇನ್ನೊಂದ್ಸಲ," ಎಂದು ಅಕ್ಕ ಅದೇ ಕೈಯನ್ನು ಮತ್ತೆ ಚಾಚಿದಳು.